ಸೋಮವಾರದ ತತ್ತಿ ಯಾಕ ಸುಲಿಯಂಗಿಲ್ಲ, ಗುರುವಾರದ್ದು ಹೆಂಗ ಸುಲೀತೈತಿ?

ಗಂಗಾವತಿ_ಅಕ್ಕೋರು
ಸೋಮವಾರ, ರಾತ್ರಿ 9.40

ಎಲ್ಲಾರಿಗೂ ನಮಸ್ಕಾರ್ರೀ. ಈ ಸಲ ನನ್ನ ಪ್ರಶ್ನಿ ತತ್ತಿದು. ಬೆಂಗ್ಳೂರು-ಮೈಸೂರಿನವ್ರಿಗೆ ಮದ್ಲ ಹೇಳಿಬಿಡ್ತೀನಿ, ತತ್ತಿ ಅಂದ್ರ ಮೊಟ್ಟೆ. ಹೋದ ವರ್ಷ ನಾ ಇಲ್ಲೇ ಈ ಮಾತು ಬರದಾಗ ಇಬ್ಬರು ಹಿಂದಿ ಅರ್ಥ ಹಚ್ಚಿಕೊಂಡು ನಕ್ಕಿದ್ದು ನಾ ಇನ್ನೂ ಮರ್ತಿಲ್ಲ.

ನಮ್ಮದು ಹಳ್ಳಿ ಸಾಲಿ. 143 ಮಕ್ಕಳು. ಅದರಾಗ 12 ಮಂದಿ ಬಾಳಿಹಣ್ಣಿನವ್ರು, ಉಳಿದ 131 ತತ್ತಿಯವ್ರು. ಬಿಸಿಯೂಟದಾಗ ತತ್ತಿ ಕೊಡೋದು 2021ರ ಡಿಸೆಂಬರಿನಾಗ ನಮ್ಮ ಕಡೆ ಜಿಲ್ಲಾಗಳಿಂದನ ಶುರು ಆತಲ್ರೀ, ಆವಾಗಿಂದ ನಾನ ಇದರ ಲೆಕ್ಕದಾಕಿ. ಮದ್ಲ ವಾರಕ್ಕ ಒಂದೆರಡು ದಿನ ಇತ್ತು. 2024ರಿಂದ ಆರು ದಿನ ಆದ ಮ್ಯಾಲ ನಮ್ಮ ಆಫೀಸ್ ರೂಮು ಕೋಳಿ ಅಂಗಡಿ ಆಗೈತಿ. ಸೋಮವಾರ ಮುಂಜಾನೆ 27 ಟ್ರೇ ಬರ್ತಾವ, ನನ್ನ ಟೇಬಲ್ ಬುಡಕ ಕೂಡ್ತಾವ.

ಈಗ ವಿಷಯಕ್ಕ ಬರ್ತೀನಿ. ಸೋಮವಾರ ಕುದಿಸಿದ ತತ್ತಿ ಸುಲಿಯಾಕ ಕುಂತ್ರ ಸಿಪ್ಪಿ ಜೋಡಿ ಬಿಳೇದೂ ಕಿತ್ತು ಬರ್ತೈತಿ. ಕುಣಿ ಬಿದ್ದ ರಸ್ತಾ ಇದ್ದಂಗ ಕಾಣ್ತಾವ. "ಅಕ್ಕೋರ, ನನ್ನ ತತ್ತಿ ಅರ್ಧನ ಐತ್ರಿ" ಅಂತ ಎರಡನೇತ್ತೆ ಹುಡುಗ್ರು ಅಳ್ತಾವ. ನಮ್ಮ ಅಡಿಗಿ ಅವ್ವನ ಕೈ ಸರಿ ಇಲ್ಲ ಅಂತ ಮೀಟಿಂಗಿನಾಗ ಮಾತು ಬಂತು, ಆಕಿ ಕಣ್ಣೀರು ಹಾಕಿದ್ಲು. ಅದ ಗುರುವಾರ, ಶುಕ್ರವಾರ ನೋಡ್ರಿ, ಅಂಗಿ ಕಳಚಿದಂಗ ಸಿಪ್ಪಿ ಬಿಡ್ತೈತಿ. ಅದ ಪಾತ್ರಿ, ಅದ ಒಲಿ, ಅದ ಕೈ. ಏನಿದು?

ಇನ್ನೊಂದು. ಭಂಡಾರದ, ಅಂದ್ರ ತತ್ತಿ ಒಳಗಿನ ಹಳದಿ ಗುಂಡಿನ ಸುತ್ತ ಹಸರ ಬಣ್ಣದ ಬಳಿಯಂಥಾ ಗೆರಿ ಬರ್ತೈತಿ. ಒಬ್ಬ ಅಪ್ಪ ಅರ್ಧ ತತ್ತಿ ಡಬ್ಬಿ ಮುಚ್ಚಳದಾಗ ಇಟ್ಕೊಂಡು ಬಂದು "ಕೊಳತದ್ದು ಹಾಕ್ತೀರೇನ್ರಿ" ಅಂದ. ನಾ ಏನ್ ಹೇಳ್ಬೇಕು?

ಮತ್ತ ಐದನೇತ್ತೆ ಮಕ್ಕಳು ಒಂದು ಡಬ್ಬಿ ಇಟ್ಟಾರ, ತತ್ತಿ ಬಗ್ಗೆ ಏನ್ ಬೇಕಾದ್ದು ಚೀಟಿ ಬರದು ಹಾಕೂದು. ಹುಂಜ ಇಲ್ದಂಗ ಫಾರಂ ಕೋಳಿ ತತ್ತಿ ಹೆಂಗ ಇಡ್ತೈತಿ? ಒಳಗಿನ ಮರಿ ಉಸರ ಹೆಂಗ ಆಡ್ತೈತಿ? ಜವಾರಿ ತತ್ತಿ ಭಂಡಾರ ಯಾಕ ಕೆಂಪ? ಗುಡುಗಿಗೆ ತತ್ತಿ ಕೆಡ್ತಾವೇನು? ಮದ್ಲನೇ ಚೀಟಿ ಓದಿದಾಗ ಇಡೀ ಕ್ಲಾಸ್ ನಕ್ತು, ನಾನೂ ಪುಸ್ತಕ ಅಡ್ಡ ಹಿಡಕೊಂಡೆ.

ನಿಮ್ಮ ಹತ್ರ ಇರೋ ಮಜಾ ಸಂಗತಿ ಹಾಕ್ರಿ. ವಾಟ್ಸಾಪಿನ್ಯಾಗ ಬಂದದ್ದು ಬ್ಯಾಡ. ನೋಡಿದ್ದು, ಮುಟ್ಟಿದ್ದು ಹೇಳ್ರಿ.


ಸಿಂಗಲ್_ಚಾ
ಸೋಮವಾರ, ರಾತ್ರಿ 10.05

ಅಕ್ಕಾ, ಮುಟ್ಟಿದ್ದು ಹೇಳ್ತೀನಿ. ಹಸಿ ಮೊಟ್ಟೆನ ಅಂಗೈಯಲ್ಲಿಟ್ಟು ಎಲ್ಲ ಕಡೆಯಿಂದ ಸಮವಾಗಿ ಹಿಸುಕಿದರೆ ಒಡೆಯಲ್ಲ. ಕಮಾನಿನ ಹಾಗೆ ಒತ್ತಡ ಚಿಪ್ಪಿನ ಉದ್ದಕ್ಕೂ ಹಂಚಿ ಹೋಗುತ್ತೆ. ಇದನ್ನು ಆಫೀಸಿನ ಪಾರ್ಟಿಯಲ್ಲಿ ಹತ್ತು ಜನರ ಮುಂದೆ ಮಾಡಿ ತೋರಿಸಿದೆ. ಬೆರಳಲ್ಲಿ ಉಂಗುರ ಇದೆ ಅನ್ನೋದು ಮರೆತಿದ್ದೆ. ಒಂದೇ ಕಡೆ ಒತ್ತಿದರೆ ಕಮಾನು ಕಿಮಾನು ಏನೂ ಇಲ್ಲ. ಶರ್ಟು ಡ್ರೈ ಕ್ಲೀನಿಂಗ್‌ಗೆ ಹೋಯ್ತು.


ಹಳೇ_ಪಶುವೈದ್ಯ
ಸೋಮವಾರ, ರಾತ್ರಿ 11.20

ಅಕ್ಕೋರೇ, ನಿಮ್ಮ ಅಡುಗೆಯವರ ಕೈ ಸರಿಯಾಗಿಯೇ ಇದೆ. ನಾಳೆಯೇ ಅವರಿಗೆ ತಿಳಿಸಿಬಿಡಿ.

ಆಗತಾನೇ ಇಟ್ಟ ಮೊಟ್ಟೆಯ ಬಿಳಿ ಲೋಳೆಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತೆ. ಹಾಗಾಗಿ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 8ಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತೆ. ಚಿಪ್ಪು ಗಟ್ಟಿ ಗೋಡೆ ಅಂದುಕೊಂಡಿರುತ್ತೇವೆ, ಆದರೆ ಅದರ ತುಂಬ ಕಣ್ಣಿಗೆ ಕಾಣದ ಸಾವಿರಾರು ರಂಧ್ರ. ದಿನ ಕಳೆದ ಹಾಗೆ ಆ ಅನಿಲ ಹೊರಗೆ ಹೋಗುತ್ತೆ, ಪಿಎಚ್ 9 ದಾಟುತ್ತೆ. ಪಿಎಚ್ ಕಡಿಮೆ ಇದ್ದಾಗ ಬೇಯಿಸಿದರೆ ಬಿಳಿ ಭಾಗ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತೆ, ಸುಲಿಯುವಾಗ ಪೊರೆ ಅದನ್ನು ಕಿತ್ತುಕೊಂಡೇ ಬರುತ್ತೆ. ನಿಮ್ಮ ಮೇಜಿನ ಕೆಳಗೆ ಮೂರು ದಿನ, ಅದೂ ನಿಮ್ಮೂರಿನ ಸೆಖೆಯಲ್ಲಿ ಕೂತ ಮೊಟ್ಟೆ ಆ ಹಟ ಬಿಟ್ಟಿರುತ್ತೆ. ಬೇಯಿಸಿ ಸುಲಿಯುವ ಮಟ್ಟಿಗೆ ತೀರಾ ತಾಜಾ ಮೊಟ್ಟೆ ಒಳ್ಳೆಯದಲ್ಲ. ಪಿಂಗಾಣಿ ತಟ್ಟೆಗೆ ಒಡೆದು ಆಮ್ಲೆಟ್ ಮಾಡುವವರಿಗೆ ಅದು ಬೇಕು.

ಅದೇ ರಂಧ್ರಗಳಿಂದ ನೀರಿನಂಶವೂ ಆರುತ್ತೆ, ಅಗಲವಾದ ತುದಿಯ ಗಾಳಿಗೂಡು ದೊಡ್ಡದಾಗುತ್ತೆ. ಒಂದು ಲೋಟ ನೀರಲ್ಲಿ ಹಾಕಿ ನೋಡಿ. ಹೊಸದು ತಳದಲ್ಲಿ ಮಲಗುತ್ತೆ, ಸ್ವಲ್ಪ ಹಳೆಯದು ತಳದಲ್ಲೇ ಎದ್ದು ನಿಲ್ಲುತ್ತೆ, ಬಹಳ ಹಳೆಯದು ತೇಲುತ್ತೆ. ತೇಲಿದ್ದನ್ನು ಮಕ್ಕಳಿಗೆ ಹಾಕಬೇಡಿ.

ಸೋಮವಾರದ ಮೊಟ್ಟೆಗೂ ದಾರಿ ಇದೆ. ತಣ್ಣೀರಲ್ಲಿಟ್ಟು ನಿಧಾನವಾಗಿ ಕಾಯಿಸಬೇಡಿ. ಕುದಿಯೋ ನೀರಿಗೆ ಬಿಡಿ, ಇಲ್ಲವೇ ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸಿ. ಬಿಳಿ ಭಾಗ ಪೊರೆಗೆ ಅಂಟಿಕೊಳ್ಳೋಕೆ ಸಮಯ ಸಿಗದ ಹಾಗೆ ಥಟ್ಟನೆ ಗಟ್ಟಿಯಾಗುತ್ತೆ. ಹನ್ನೆರಡು ನಿಮಿಷ ಸಾಕು. ಆಮೇಲೆ ತಣ್ಣೀರಿಗೆ ಹಾಕಿ. ನಿಮ್ಮ ಹಸಿರು ಬಳೆಗೂ ಅದೇ ಮದ್ದು. ಅತಿಯಾಗಿ ಬೆಂದಾಗ ಬಿಳಿ ಭಾಗದಿಂದ ಗಂಧಕದ ಅನಿಲ ಹುಟ್ಟುತ್ತೆ, ಹಳದಿಯಲ್ಲಿ ಕಬ್ಬಿಣ ಇದೆ. ಎರಡೂ ಸೇರುವ ಗಡಿಯಲ್ಲಿ ಕಬ್ಬಿಣದ ಸಲ್ಫೈಡ್ ಆಗುತ್ತೆ. ಕೊಳೆತದ್ದಲ್ಲ, ತಿಂದರೆ ಏನೂ ಆಗಲ್ಲ. ಒಲೆ ಮೇಲೆ ಅರ್ಧ ಗಂಟೆ ಮರೆತಿದ್ದರ ಗುರುತು, ಅಷ್ಟೇ.

ಹುಂಜದ ಚೀಟಿಗೆ ನಾನು ಹಳ್ಳಿಗಳಲ್ಲಿ ಹೇಳುತ್ತಿದ್ದ ಉತ್ತರ: ಹುಂಜ ಬೇಕಾಗಿರೋದು ಮೊಟ್ಟೆಗಲ್ಲ, ಮರಿಗೆ. ಮೊಟ್ಟೆ ಫಾರಮ್ಮಿನಲ್ಲಿ ಹುಂಜ ಸಾಕುವುದೇ ಇಲ್ಲ. ಅಲ್ಲಿನ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿ ಬರಲ್ಲ. ಇಷ್ಟು ಹೇಳಿದರೆ ಮಕ್ಕಳು ನಗಲ್ಲ, ದೊಡ್ಡವರು ನಗುತ್ತಾರೆ.


ಗಂಗಾವತಿ_ಅಕ್ಕೋರು
ಮಂಗಳವಾರ, ಮಧ್ಯಾಹ್ನ 3.15

ಡಾಕ್ಟರ್ ಸರ, ನಿಮಗ ಕೈ ಮುಗೀತೀನಿ. ಆದ್ರ ಕುದಿಯೋ ನೀರಿಗೆ 131 ತತ್ತಿ ಬಿಡೂದು ಹೆಂಗ್ರೀ? ಇವತ್ತು ಸೌಟಿಲೆ ಬಿಟ್ವಿ, 14 ಒಡದು ನೀರೆಲ್ಲಾ ಬಿಳಿ ನೊರಿ ಆತು. ಅಡಿಗಿ ಅವ್ವ "ನಿಮ್ಮ ಡಾಕ್ಟರ್‌ನ ಕರೀರಿ, ಅವರ ಬಂದು ಬಿಡ್ಲಿ" ಅಂದ್ಲು.


ಹಳೇ_ಪಶುವೈದ್ಯ
ಮಂಗಳವಾರ, ಸಂಜೆ 6.00

ಅವರು ಹೇಳಿದ್ದು ನ್ಯಾಯ. ಹಾಗಾದರೆ ಹಬೆಯೇ ಸರಿ. ತರಕಾರಿ ತೊಳೆಯುವ ತೂತಿನ ಬುಟ್ಟಿಯಲ್ಲಿ ಮೊಟ್ಟೆ ಜೋಡಿಸಿ, ಪಾತ್ರೆಯಲ್ಲಿ ಒಂದು ಗೇಣು ನೀರು ಕುದಿಸಿ, ಮೇಲಿಟ್ಟು ಮುಚ್ಚಿ. ಮೊಟ್ಟೆ ನೀರಲ್ಲಿ ಕುಣಿಯಲ್ಲ, ಒಂದಕ್ಕೊಂದು ಬಡಿಯಲ್ಲ.

ನಿನ್ನೆ ನಿದ್ದೆ ಬಂತು, ಉಳಿದದ್ದು ಈಗ ಹೇಳ್ತೀನಿ. ದಿನಾ ಮೊಟ್ಟೆ ತಿನ್ನಿ ಅಂತ ಟಿವಿಯಲ್ಲಿ ಸಂಡೇ-ಮಂಡೇ ಜಾಹೀರಾತು ಬರುತ್ತಿತ್ತಲ್ಲ, ದಿನಾ ಇಡೋಕೆ ಕೋಳಿಗೇ ಆಗಲ್ಲ. ಒಂದು ಮೊಟ್ಟೆ ತಯಾರಾಗೋಕೆ 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ. ಇವತ್ತು ಬೆಳಿಗ್ಗೆ ಎಂಟಕ್ಕೆ ಇಟ್ಟರೆ ನಾಳೆ ಒಂಬತ್ತೂವರೆ, ನಾಡಿದ್ದು ಹನ್ನೊಂದು, ಹೀಗೆ ಜಾರುತ್ತಾ ಮಧ್ಯಾಹ್ನಕ್ಕೆ ಬಂದು ಒಂದು ದಿನ ರಜಾ ಹಾಕುತ್ತೆ. ನಿಮ್ಮ ಮಕ್ಕಳಲ್ಲಿ ಮನೆಯಲ್ಲಿ ಕೋಳಿ ಇರುವವರಿಗೆ ಒಂದು ವಾರ ಗಂಟೆ ಬರೆಯೋಕೆ ಹೇಳಿ.

ಚಿಪ್ಪು ಬಹುತೇಕ ಸುಣ್ಣದ ಕಲ್ಲೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ರಾತ್ರಿ ಮೇವು ಇಲ್ಲದ ಹೊತ್ತಲ್ಲಿ ಕೋಳಿ ತನ್ನ ಮೂಳೆಯಿಂದ ಸುಣ್ಣ ತೆಗೆದು ಚಿಪ್ಪಿಗೆ ಹಾಕುತ್ತೆ. ಸುಣ್ಣ ಕಡಿಮೆಯಾದರೆ ಚಿಪ್ಪಿಲ್ಲದ ಮೆತ್ತನೆಯ ಮೊಟ್ಟೆ ಬರುತ್ತೆ, ಊರಲ್ಲಿ ಅದಕ್ಕೆ ದೃಷ್ಟಿಯಾಗಿದೆ ಅಂತಾರೆ. ಗೋಬಿ ಗಾಡಿಯವನ ಹತ್ತಿರ ಸ್ವಲ್ಪ ವಿನಿಗರ್ ಇಸ್ಕೊಂಡು ಹಸಿ ಮೊಟ್ಟೆ ಅದರಲ್ಲಿ ಒಂದು ದಿನ ಮುಳುಗಿಸಿಡಿ. ಗುಳ್ಳೆ ಗುಳ್ಳೆಯಾಗಿ ಚಿಪ್ಪು ಕರಗಿ ಪೊರೆ ಮಾತ್ರ ಉಳಿಯುತ್ತೆ, ರಬ್ಬರ್ ಚೆಂಡಿನ ಹಾಗೆ. ಪ್ರಯೋಗಕ್ಕೆ ಇದಕ್ಕಿಂತ ಅಗ್ಗದ್ದು ಇಲ್ಲ.

ಹಳದಿಯ ಬಣ್ಣ ಮೇವಿನದು. ಜವಾರಿ ಕೋಳಿ ಹಸಿರು ಸೊಪ್ಪು ಕುಕ್ಕುತ್ತೆ, ಫಾರಂ ಕೋಳಿ ಮೆಕ್ಕೆಜೋಳ. ಗುಂಡ್ಲುಪೇಟೆ ಕಡೆ ರಸ್ತೆಯ ಎರಡೂ ಬದಿ ಚೆಂಡು ಹೂವಿನ ಹೊಲ ನೋಡಿದ್ದೀರಾ? ಅದು ದೇವರಿಗೆ ಹೋಗೋದಕ್ಕಿಂತ ಬಣ್ಣ ತೆಗೆಯೋಕೆ ಹೋಗೋದು ಹೆಚ್ಚು. ಚೆಂಡು ಹೂವಿನ ಆ ಬಣ್ಣವನ್ನು ಕೋಳಿ ಮೇವಿಗೂ ಬೆರೆಸುತ್ತಾರೆ. ಹಳದಿ ಕೆಂಪಗಿದೆ ಅಂತ ಹೆಚ್ಚು ದುಡ್ಡು ಕೊಡುವವರಿಗೆ ಇದನ್ನು ಹೇಳಿದರೆ ಮುಖ ಸಣ್ಣದಾಗುತ್ತೆ.

ಚಿಪ್ಪಿನ ಬಣ್ಣ ಮಾತ್ರ ತಳಿಯದು, ಸತ್ವಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೋಳಿಯ ಕಿವಿಹಾಲೆ ಬಿಳಿ ಇದ್ದರೆ ಬಿಳಿ ಮೊಟ್ಟೆ, ಕೆಂಪಿದ್ದರೆ ಕಂದು ಮೊಟ್ಟೆ ಅನ್ನೋ ಮಾತಿದೆ. ಫಾರಂ ತುಂಬ ಇರುವ ಬಿಳಿ ಲೆಗ್‌ಹಾರ್ನ್‌ಗೆ ಸರಿಹೋಗುತ್ತೆ. ಬೆರಕೆ ಜವಾರಿಯಲ್ಲಿ ಪಣ ಕಟ್ಟಬೇಡಿ.


ಹನೋವರ್_ಹುಡುಗ
ಮಂಗಳವಾರ, ರಾತ್ರಿ 11.50

ದಾವಣಗೆರೆಯವನು, ಈಗ ಜರ್ಮನಿ. ಇಲ್ಲಿ ಪ್ರತಿ ಮೊಟ್ಟೆಯ ಮೇಲೂ ನಂಬರ್ ಒತ್ತಿರ್ತಾರೆ. ಮೊದಲ ಅಂಕಿ 0 ಇದ್ದರೆ ಸಾವಯವ, 1 ಅಂದರೆ ಬಯಲಲ್ಲಿ ಮೇಯುವ ಕೋಳಿ, 2 ಅಂದರೆ ಕೊಟ್ಟಿಗೆ, 3 ಅಂದರೆ ಪಂಜರ. ಆಮೇಲೆ ದೇಶದ ಅಕ್ಷರ, ಫಾರಮ್ಮಿನ ನಂಬರ್. ನಮ್ಮ ಬೈಕಿಗೆ ಇರೋ ಹಾಗೆ.

ಅಮೆರಿಕದಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಮೊಟ್ಟೆ ತೊಳೆದು ಫ್ರಿಜ್ಜಿನಲ್ಲಿಟ್ಟೇ ಮಾರಬೇಕು. ಇಲ್ಲಿ ತೊಳೆಯೋ ಹಾಗೇ ಇಲ್ಲ. ಕೋಳಿ ಇಡುವಾಗ ಚಿಪ್ಪಿನ ಮೇಲೆ ಒಂದು ತೆಳು ಲೇಪ ಬರುತ್ತಂತೆ, ಅದು ರಂಧ್ರಗಳಿಗೆ ಮುಚ್ಚಳ. ತೊಳೆದರೆ ಅದು ಹೋಗುತ್ತೆ, ಆಮೇಲೆ ತಣ್ಣಗಿಡಲೇಬೇಕು. ಅಮ್ಮ ಗೂಡಿನಿಂದ ತಂದ ಮೊಟ್ಟೆ ತೊಳೆಯೋಕೆ ಹೋದ ನನ್ನ ಹೆಂಡತಿಗೆ "ಬೇಯಿಸೋವಾಗ ತೊಳಿ, ಇಡೋವಾಗ ಬೇಡ" ಅಂದಿದ್ದರು. ಆಗ ಹಳ್ಳಿ ಹಟ ಅಂದುಕೊಂಡಿದ್ವಿ.


ಚಾಕಿ_ಮನೆ
ಬುಧವಾರ, ಬೆಳಿಗ್ಗೆ 5.30

ಕನಕಪುರದಿಂದ ನಮಸ್ಕಾರ ಅಕ್ಕ. ನಿಮ್ಮ 131 ಮೊಟ್ಟೆ ಕಂಡು ನಗು ಬಂತು. ನಾವು ಹೋದ ತಿಂಗಳು "ನೂರು ಮೊಟ್ಟೆ" ಮೇಯಿಸಿದ್ವಿ. ಕೋಳಿದಲ್ಲ, ರೇಷ್ಮೆ ಹುಳದ್ದು. ನಮ್ಮಲ್ಲಿ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟಿದ್ದಷ್ಟೂ ಲೆಕ್ಕ, ಅದರೊಳಗೆ ನಾನೂರು ಐನೂರು. ನೂರು ಮೊಟ್ಟೆ ಅಂದ್ರೆ ಮನೇಲಿ ಹತ್ತಿರತ್ತಿರ ಐವತ್ತು ಸಾವಿರ ಬಾಯಿ. ಮದುವೆಯಾಗಿ ಬಂದ ನಮ್ಮ ಅತ್ತಿಗೆ, ಹಾಸನದವರು, ನೂರೇ ಮೊಟ್ಟೆಗೆ ಇಷ್ಟು ದೊಡ್ಡ ಮನೆ ಯಾಕೆ ಅಂತ ಕೇಳಿದ್ರು. ನಾಲ್ಕನೇ ಜ್ವರ (ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಮೇಲೆ ಸೊಪ್ಪು ಹೊತ್ತು ಹೊತ್ತು ಗೊತ್ತಾಯ್ತು.

ನಿಮ್ಮ ಮಕ್ಕಳಿಗೆ ಒಂದು ಮಜಾ ಹೇಳಿ. ಮೊಟ್ಟೆ ಒಡೆಯೋಕೆ ಎರಡು ದಿನ ಮುಂಚೆ ಪ್ರತಿ ಮೊಟ್ಟೆಲೂ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತೆ, ಅದು ಹುಳದ ತಲೆ. ಆಗ ಮೊಟ್ಟೆ ಅಂಟಿರೋ ಹಾಳೆನ ಕಪ್ಪು ಬಟ್ಟೆಲೋ ಕಪ್ಪು ಕಾಗದದಲ್ಲೋ ಸುತ್ತಿ ಕತ್ತಲಲ್ಲಿಡ್ತಾರೆ. ಮುಂದಾದವು ಒಳಗೇ ಕಾಯ್ತವೆ, ಹಿಂದಾದವು ಬಂದು ಸೇರ್ಕೊಳ್ತವೆ. ಮೂರನೇ ದಿನ ಬೆಳಗಿನ ಜಾವ ಬಿಚ್ಚಿ ಬೆಳಕು ಬಿಟ್ರೆ ಎಲ್ಲಾ ಒಟ್ಟಿಗೆ ಹೊರಗೆ. ಒಂದೇ ದಿನ ಹುಟ್ಟಿದ್ರೆ ಒಂದೇ ದಿನ ಜ್ವರಕ್ಕೆ ಹೋಗ್ತವೆ, ಒಂದೇ ದಿನ ಹಣ್ಣಾಗ್ತವೆ, ಅಂದ್ರೆ ಗೂಡು ಕಟ್ಟೋಕೆ ಸಿದ್ಧವಾಗ್ತವೆ. ಇಲ್ದಿದ್ರೆ ನಮ್ಮ ಗತಿ ಅಷ್ಟೆ.

ಇನ್ನೊಂದು, ಮೊಟ್ಟೆ ಇಟ್ಟ ತಾಯಿ ಚಿಟ್ಟೆನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇಲ್ಲ ಅಂದ್ರೆ ಮಾತ್ರ ಆ ಮೊಟ್ಟೆ ನಮಗೆ ಕೊಡೋದು. ಈ ಕ್ರಮ ಕಂಡುಹಿಡಿದೋರು ಹುಚ್ಚುನಾಯಿ ಲಸಿಕೆ ಪಾಶ್ಚರ್, 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಹುಳಕ್ಕೆ ರೋಗ ಬಂದಾಗ. ಸೊಪ್ಪು ಹಾಕೋ ಹೊತ್ತಾಯ್ತು, ಬರ್ತೀನಿ.


ತೀರ್ಥಳ್ಳಿ_ಮಗಳು
ಬುಧವಾರ, ಮಧ್ಯಾಹ್ನ 1.10

ಗುಡುಗಿನ ಚೀಟಿ ನನಗೆ. ಅಜ್ಜಿ ಕಾವಿಗೆ ಕೂರಿಸುವಾಗ ಬುಟ್ಟಿಗೆ ಹುಲ್ಲು ಹಾಸಿ, ಒಂದು ಕೆಂಡ ಆರಿದ ಇದ್ದಿಲು, ಒಂದು ಕಬ್ಬಿಣದ ಮೊಳೆ ಇಟ್ಟು, ಅದರ ಮೇಲೆ 11 ಮೊಟ್ಟೆ ಇಡ್ತಿದ್ದರು. ಸಮಸಂಖ್ಯೆ ಆಗಬಾರದು. ಇದ್ದಿಲು ಮೊಳೆ ಗುಡುಗಿಗೆ. ಏಳನೇ ದಿನ ಕತ್ತಲ ಕೋಣೆಯಲ್ಲಿ ಟಾರ್ಚಿಗೆ ಹಿಡಿದು ನೋಡೋದು, ಒಳಗೆ ಜೇಡರ ಬಲೆ ಥರ ಕೆಂಪು ನರ ಕಂಡರೆ ಮರಿ ಇದೆ, ಇಲ್ಲದಿದ್ದರೆ ತೆಗೆದುಬಿಡೋದು. 21ನೇ ದಿನ ಮರಿ.

ನಾನು ನೋಡಿದ್ದು ಹೇಳಬೇಕು ಅಂದರೆ, ಹೇಂಟೆ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ಉರುಳಿಸಿ ಮಗ್ಗುಲು ಬದಲಿಸುತ್ತೆ. ಗುಡುಗಿದ ರಾತ್ರಿ ಹೆದರಿ ಎದ್ದು ಹೋಗಿದ್ದೂ ನೋಡಿದೀನಿ. ಮೊಟ್ಟೆ ಕೆಟ್ಟಿದ್ದು ಗುಡುಗಿಗಲ್ಲ, ಅವಳು ಎದ್ದು ಹೋಗಿ ತಣ್ಣಗಾಗಿದ್ದಕ್ಕೆ ಇರಬೇಕು. ಅಜ್ಜಿ ಎದುರಿಗೆ ಇದನ್ನ ಹೇಳೋ ಧೈರ್ಯ ಮಾಡಿಲ್ಲ.


ಹಳೇ_ಪಶುವೈದ್ಯ
ಬುಧವಾರ, ಸಂಜೆ 7.30

ಸರಿಯಾಗಿ ನೋಡಿದ್ದೀರಿ ತಾಯಿ. ಉರುಳಿಸದಿದ್ದರೆ ಭ್ರೂಣ ಪೊರೆಗೆ ಅಂಟಿಕೊಂಡು ಸಾಯುತ್ತೆ. ಮರಿ ಯಂತ್ರಗಳಲ್ಲೂ ಗಂಟೆಗೊಮ್ಮೆ ಟ್ರೇ ವಾಲಿಸುತ್ತಾರೆ.

ಅಕ್ಕೋರೇ, ಉಸಿರಿನ ಚೀಟಿ ಬಾಕಿ ಇತ್ತು. ಮರಿ ಅದೇ ರಂಧ್ರಗಳಿಂದ ಬಂದ ಗಾಳಿಯಲ್ಲಿ ಬದುಕುತ್ತೆ, ಕೊನೆಗೆ ಕೊಕ್ಕನ್ನು ಗಾಳಿಗೂಡಿಗೆ ತೂರಿಸಿ ಮೊದಲ ಸಲ ಶ್ವಾಸಕೋಶದಿಂದ ಉಸಿರೆಳೆಯುತ್ತೆ. ಆಮೇಲೆ ಚಿಪ್ಪು ಒಡೆಯೋದು. ಒಡೆಯೋಕೆ ಕೊಕ್ಕಿನ ತುದಿಯಲ್ಲಿ ಚೂಪಾದ ಒಂದು ಗಂಟು ಇರುತ್ತೆ, ಕೆಲವೇ ದಿನದಲ್ಲಿ ಉದುರಿಹೋಗುತ್ತೆ. ಹೊರಗೆ ಬರೋ ಮುಂಚೆ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತೆ, ಎರಡು ದಿನದ ಬುತ್ತಿ. ಅದರಿಂದಲೇ ಒಂದು ದಿನದ ಮರಿಗಳನ್ನು ಡಬ್ಬದಲ್ಲಿ ಹಾಕಿ ದೂರದ ಊರಿಗೆ ಕಳಿಸೋಕಾಗೋದು.

ನಾನು ಲಸಿಕೆ ಕೆಲಸದಲ್ಲಿದ್ದಾಗ ದಿನಾ ಈ ಗಾಳಿಗೂಡಿನ ಗಡಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯೋದೇ ಕೆಲಸ. ಕೋಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಬೆಳೆಸೋದು ಮೊಟ್ಟೆಯೊಳಗೇ. ಒಂಬತ್ತು ಹತ್ತು ದಿನದ ಭ್ರೂಣ ಇರುವ ಮೊಟ್ಟೆಗೆ ಸಣ್ಣ ತೂತು ಕೊರೆದು ವೈರಸ್ ಚುಚ್ಚಿ, ಮೇಣದಲ್ಲಿ ಮುಚ್ಚಿ, ಮತ್ತೆ ಕಾವಿಗೆ. ಮನುಷ್ಯರ ಫ್ಲೂ ಲಸಿಕೆಯೂ ಹೆಚ್ಚಾಗಿ ಹೀಗೇ. ಕೋಳಿಯ ರೋಗಕ್ಕೆ ಕೋಳಿ ಮೊಟ್ಟೆಯೇ ಮದ್ದಿನ ಕಾರ್ಖಾನೆ. ನಿವೃತ್ತಿಯಾಗಿ ಹದಿಮೂರು ವರ್ಷ, ಈಗಲೂ ಮೊಟ್ಟೆ ಕೈಗೆ ಬಂದರೆ ಬೆಳಕಿಗೆ ಹಿಡೀತೀನಿ. ಮನೆಯಲ್ಲಿ ಬೈತಾರೆ.


ಧಾರವಾಡ_ಪೇಢೆ
ಬುಧವಾರ, ರಾತ್ರಿ 10.15

ಅಕ್ಕೋರ, ನಮ್ಮ ಲೈಬ್ರರಿ ಮಂದಿ ಕಡೆಯಿಂದ ಒಂದು. ಹಳೇ ಕಂದು ಬಣ್ಣದ ಫೋಟೋ ಅದಾವಲ್ಲ, ಅವು ಬಹಳಷ್ಟು ತತ್ತಿ ಫೋಟೋ. 1850ರಾಗ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಅನ್ನಾಂವ ತತ್ತಿ ಬಿಳೇದಕ್ಕ ಉಪ್ಪು ಕೂಡಿಸಿ ಕಾಗದಕ್ಕ ಹಚ್ಚಿ, ಮ್ಯಾಲ ಬೆಳ್ಳಿ ಲವಣ ಹಾಕಿ ಫೋಟೋ ಮೂಡಿಸೋ ಪದ್ಧತಿ ತಂದ. ಅಲ್ಲಿಂದ ಆ ಶತಮಾನದ ಕೊನಿ ಸಮೀಪದ ತನಕ ಕಾಗದದ ಮ್ಯಾಲಿನ ಬಹುತೇಕ ಫೋಟೋ ಹಿಂಗ. 1866ರಾಗ ಲಂಡನ್ನಿನಾಗ ನಮ್ಮ ಧಾರವಾಡ-ಮೈಸೂರು ಸೀಮಿ ಗುಡಿಗಳ ಫೋಟೋ ಅಂಟಿಸಿದ ದೊಡ್ಡ ಪುಸ್ತಕ ಬಂತು, ಹಳೇಬೀಡು, ಬೇಲೂರು ಎಲ್ಲಾ ಅದರಾಗ. ಆ ಗುಡಿ ಹೊರದೇಶದ ಮಂದಿ ನೋಡಿದ್ದು ತತ್ತಿ ಲೋಳಿ ಮ್ಯಾಲ.


ಗಂಗಾವತಿ_ಅಕ್ಕೋರು
ಮುಂದಿನ ಸೋಮವಾರ, ರಾತ್ರಿ 8.50

ಎಲ್ಲಾರಿಗೂ ಉತ್ತರ ಕೊಡಾಕ ಒಂದು ವಾರ ಆತು, ಬೈಬ್ಯಾಡ್ರಿ. ಪರೀಕ್ಷಾ ಮಾಡಿದ ಮ್ಯಾಲನ ಬರೀಬೇಕಂತ ಕಾದೆ.

ಇವತ್ತಿನ ಲೆಕ್ಕ: ಇವತ್ತ ಬಂದ 20 ತತ್ತಿ, ಹೋದ ವಾರದ ಉಳಿದ 20 ತತ್ತಿ. ಎರಡೂ ಹಬಿಯೊಳಗ, ಹನ್ನೆರಡು ನಿಮಿಷ, ತಣ್ಣೀರು. ಏಳನೇತ್ತೆ ಹುಡುಗ್ರು ಸುಲಿದ್ರು, ಐದನೇತ್ತೆಯವ್ರು ಬರಕೊಂಡ್ರು. ಹಳೇದರಾಗ 19 ಚೊಕ್ಕ ಸುಲದು, ಹೊಸಾದ್ರಾಗ 15. ಮದ್ಲ ಹಂಗ ಕುದಸ್ತಿದ್ದಾಗ ಸೋಮವಾರ 20ಕ್ಕ ಐದೋ ಆರೋ. ಹಸರ ಬಳಿ ಒಂದರಾಗೂ ಇಲ್ಲ. ಆ ಡಬ್ಬಿ ಮುಚ್ಚಳದ ಅಪ್ಪಗ ಒಂದು ತತ್ತಿ ಕತ್ತರಿಸಿ ತೋರಿಸಿದೆ, ಅಲ್ಲೇ ನಿಂತು ತಿಂದು ಹೋದ.

ವಿನಿಗರ್ ತತ್ತಿ ಭಾಳ ಚಂದ ಆತು, ಆದ್ರ ಯಾರೋ ಅದನ್ನ ನಿಜವಾಗ್ಲೂ ಚೆಂಡು ಅನ್ಕೊಂಡು ನೆಲಕ್ಕ ಹೊಡದ. ನನ್ನ ಹಾಜರಿ ಪುಸ್ತಕದ ಮ್ಯಾಲ ಇನ್ನೂ ವಾಸನಿ ಐತಿ.

ಕಿವಿಹಾಲಿ ಪರೀಕ್ಷಾನೂ ನಡೀತು. ನಾಲ್ಕನೇತ್ತೆ ಒಬ್ಬಾಕಿ ತಮ್ಮ ಮನಿ ಹ್ಯಾಟಿನ (ಹೆಣ್ಣು ಕೋಳಿನ) ಬಗಲಾಗ ಇಟ್ಕೊಂಡ ಸಾಲಿಗೆ ಬಂದಿದ್ಲು. ಕಿವಿ ಕೆಂಪ, ತತ್ತಿ ಹಾಲಿನಂಗ ಬಿಳೇದು. ಡಾಕ್ಟರ್ ಸರ, ನೀವು ಪಣ ಕಟ್ಟಬ್ಯಾಡ್ರಿ ಅಂದದ್ದು ಚಲೋ ಆತು, ನಾ ಹೆಡ್ ಮಾಸ್ತರ್ ಜೋಡಿ ಒಂದು ಚಾ ಕಟ್ಟೋದರಾಗ ಇದ್ದೆ.

ಅಡಿಗಿ ಅವ್ವಗ ಪಿಎಚ್, ಇಂಗಾಲ, ಪೊರಿ ಎಲ್ಲಾ ಕೂಡಿಸಿ ಹೇಳಿದೆ. ಆಕಿ ಕೇಳಿ ಮುಗಿಸಿ, "ಅಕ್ಕೋರ, ಹಳೇದು ಚಲೋ ಸುಲೀತಾವ, ಹೊಸಾ ಟ್ರೇ ಹಿಂದ ಸರಸ್ರಿ ಅಂತ ನಾ ಎಲ್ಡ ವರ್ಷದಿಂದ ಹೇಳಾಕತ್ತೀನಿ, ನೀವು ಹೊಸಾದ ಮದ್ಲ ಹಾಕ್ರಿ, ಮಕ್ಕಳಿಗೆ ತಾಜಾ ಇರ್ಲಿ ಅಂತಿದ್ರಿ" ಅಂದ್ಲು. ಖರೆ ಐತ್ರಿ. ಹಂಗ ಅಂದಾಕಿ ನಾನ.

ಈಗ ಟ್ರೇ ಮ್ಯಾಲ ಆಕಿನ ಪೆನ್ಸಿಲ್ಲಿಲೆ ತಾರೀಖು ಹಾಕ್ತಾಳ. ಟೇಬಲ್ ಬುಡಕ ಮುಂದ ಹಳೇದು, ಹಿಂದ ಹೊಸಾದು. ಇವತ್ತಿನ ಡಬ್ಬಿಯೊಳಗ ಒಂದ ಚೀಟಿ ಇತ್ತು: "ಹಲ್ಲಿ ತತ್ತಿಗೂ ತೂತು ಇರ್ತಾವೇನ್ರಿ?" ಹಲ್ಲಿ ಮಂದಿ ಯಾರರ ಇದ್ರ ಬರ್ರಿ.